ಹರ್-2: ಒಂದು ಅಂಕೆಯ ಹಿಂದಿನ ಫಾರ್ಮಲಿನ್ ಲೆಕ್ಕ

ಸ್ತನ ಕ್ಯಾನ್ಸರ್‌ನ ಪೆಥಾಲಜಿ ವರದಿಯಲ್ಲಿ ಇಆರ್, ಪಿಆರ್ (ಹಾರ್ಮೋನು ಗ್ರಾಹಕಗಳು) ಆದ ಮೇಲೆ ‘ಹರ್-2’ ಅಂತ ಒಂದು ಸಾಲು ಇರುತ್ತದೆ. ಹರ್-2 ಅಂದರೆ ಕೋಶದ ಪೊರೆಯ ಮೇಲಿದ್ದು ಬೆಳೆಯಲು ಸೂಚನೆ ಕೊಡುವ ಒಂದು ಪ್ರೋಟೀನು; ಅದನ್ನು ಮಾಡಿಸುವ ಜೀನಿಗೂ ಅದೇ ಹೆಸರು. ಆ ಸಾಲಿನ ಮುಂದೆ ಆ ಪ್ರೋಟೀನು ಎಷ್ಟಿದೆ ಎಂಬ ಅಂಕೆ: 0, 1+, 2+, 3+ ಇವುಗಳಲ್ಲೊಂದು. ಮುಂದಿನ ಒಂದು ವರ್ಷದ ಚಿಕಿತ್ಸೆ ಆ ಅಂಕೆಯ ಮೇಲೆ ನಿಂತಿರುತ್ತದೆ. ಈ ಸಾಲು ವರದಿಗೆ ಬಂದದ್ದರಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎಯ ಡೆನಿಸ್ ಸ್ಲೇಮನ್ ಅವರ ಪಾಲು ದೊಡ್ಡದು. ಅವರ ಹೆಸರೆತ್ತಿದರೆ ಎಲ್ಲರೂ ಹರ್-2 ಮೇಲೆ ಕೆಲಸ ಮಾಡುವ ಟ್ರಾಸ್ಟುಜುಮಾಬ್ ಔಷಧಿಯ ಮಾತಾಡುತ್ತಾರೆ. ಗಡ್ಡೆಯ ತುಂಡನ್ನು ಹೇಗೆ ಇಡಬೇಕು, ಹೇಗೆ ಓದಬೇಕು ಎಂಬ ಜಗಳ ಮೊದಲು ಬಗೆಹರಿಯದಿದ್ದರೆ ಆ ಔಷಧಿ ಯಾರಿಗೆ ಕೊಡಬೇಕೆಂದೇ ತಿಳಿಯುತ್ತಿರಲಿಲ್ಲ. ನನಗೆ ಮುಖ್ಯ ಅನ್ನಿಸುವುದು ಆ ಭಾಗ.

ಸ್ಲೇಮನ್ 1975ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಪದವಿ, ಪಿಎಚ್‌ಡಿ ಎರಡನ್ನೂ ಮುಗಿಸಿ, 1979ರಲ್ಲಿ ಯುಸಿಎಲ್‌ಎಗೆ ಬಂದರು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಗಳನ್ನು ಹೆಪ್ಪುಗಟ್ಟಿಸಿ ಕೂಡಿಡುವುದು, ಅವುಗಳಲ್ಲಿ ಯಾವ ಜೀನ್ ಕೆಟ್ಟಿದೆ ಎಂದು ಹುಡುಕುವುದು ಅವರ ದಾರಿ. ಜೆನೆನ್‌ಟೆಕ್ ಎಂಬ ಔಷಧಿ ಕಂಪನಿಯಲ್ಲಿದ್ದ ವಿಜ್ಞಾನಿ ಆಕ್ಸೆಲ್ ಉಲ್‌ರಿಚ್ 1985ರಲ್ಲಿ ಹರ್-2 ಜೀನನ್ನು ಬೇರ್ಪಡಿಸಿ ನಕಲು (ಕ್ಲೋನ್) ಮಾಡಿದ್ದರು. ಉಲ್‌ರಿಚ್ ಹತ್ತಿರ ಜೀನ್ ಇತ್ತು, ಸ್ಲೇಮನ್ ಹತ್ತಿರ ಗಡ್ಡೆ ಇತ್ತು. ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ ವಿಲಿಯಂ ಮೆಕ್‌ಗ್ವಾಯರ್ ಜತನ ಮಾಡಿದ್ದ ಗಡ್ಡೆಗಳೂ, ಆ ರೋಗಿಗಳ ಮುಂದಿನ ವರ್ಷಗಳ ದಾಖಲೆಯೂ ಸೇರಿದವು. 1987ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು: 189 ಗಡ್ಡೆಗಳಲ್ಲಿ ಸುಮಾರು ಶೇ. 30ರಲ್ಲಿ ಹರ್-2 ಜೀನ್ 2ರಿಂದ 20 ಪಟ್ಟಿಗೂ ಮೀರಿ ಹೆಚ್ಚಿತ್ತು, ಮತ್ತು ಹೆಚ್ಚಿದ್ದವರಲ್ಲಿ ರೋಗ ಬೇಗ ಮರುಕಳಿಸಿತ್ತು. (ಈಗಿನ ಎಣಿಕೆಯಲ್ಲಿ ಹರ್-2 ಪಾಸಿಟಿವ್ ಶೇ. 15ರಿಂದ 20.)

ಆದರೆ ಕೆಲವು ಲ್ಯಾಬ್‌ಗಳಿಗೆ ಇದೇ ಫಲಿತಾಂಶ ಸಿಗಲಿಲ್ಲ. ಯಾಕೆ ಎಂಬುದಕ್ಕೆ ಎರಡು ಕಾರಣ, ಎರಡೂ ಇವತ್ತಿಗೂ ಬಳಕೆಗೆ ಬರುವ ಪಾಠಗಳು.

ಮೊದಲನೆಯದು ಬೆರಕೆ. ಜೀನಿನ ಪ್ರತಿ ಎಷ್ಟಿದೆ ಎಂದು ಅಳೆಯುವ ಆಗಿನ ಸದರ್ನ್ ಬ್ಲಾಟ್ ಪರೀಕ್ಷೆಗೆ ಗಡ್ಡೆಯನ್ನು ಅರೆದು ಡಿಎನ್‌ಎ ತೆಗೆಯಬೇಕು. ಗಡ್ಡೆಯೆಂದರೆ ಬರೀ ಕ್ಯಾನ್ಸರ್ ಕೋಶಗಳಲ್ಲ. ನಾರು, ಕೊಬ್ಬು, ರಕ್ತನಾಳ, ಬಿಳಿರಕ್ತಕಣ ಎಲ್ಲವೂ ಅದರಲ್ಲಿರುತ್ತವೆ. ಕ್ಯಾನ್ಸರ್ ಕೋಶದಲ್ಲಿ ಜೀನಿನ 8 ಪ್ರತಿ, ಮಾಮೂಲಿ ಕೋಶದಲ್ಲಿ 2 ಪ್ರತಿ ಇದೆ ಅಂದುಕೊಳ್ಳಿ. ನಿಜದಲ್ಲಿ ಅದು 4 ಪಟ್ಟು. ತುಂಡಿನ ಕಾಲು ಭಾಗ ಮಾತ್ರ ಕ್ಯಾನ್ಸರ್ ಇದ್ದರೆ ಸರಾಸರಿ 3.5ಕ್ಕೆ ಇಳಿಯುತ್ತದೆ, ಅಂದರೆ 1.75 ಪಟ್ಟು. ಬ್ಲಾಟ್‌ನಲ್ಲಿ ಅದು ‘ನೆಗೆಟಿವ್’ ಆಗಿಬಿಡುತ್ತದೆ. ಡಿಎನ್‌ಎ ಓದುವ ಈಗಿನ ಸೀಕ್ವೆನ್ಸಿಂಗ್ ಯಂತ್ರಗಳಿಗೂ ಈ ತೊಂದರೆ ತಪ್ಪಿದ್ದಲ್ಲ. ಅದಕ್ಕೇ ಜೀನ್ ಪರೀಕ್ಷೆಯ ಲ್ಯಾಬ್‌ಗೆ ಬ್ಲಾಕ್ (ಮೇಣದಲ್ಲಿ ಹುದುಗಿಸಿಟ್ಟ ಗಡ್ಡೆಯ ತುಂಡು) ಕಳಿಸುವ ಮೊದಲು ಪೆಥಾಲಜಿಸ್ಟ್ ಸ್ಲೈಡ್ ನೋಡಿ ಗಡ್ಡೆಯ ಜಾಗಕ್ಕೆ ಪೆನ್ನಿನಲ್ಲಿ ಗೆರೆ ಎಳೆದು, ಶೇಕಡಾ ಎಷ್ಟು ಕ್ಯಾನ್ಸರ್ ಕೋಶ ಇದೆ ಎಂದು ಬರೆದುಕೊಡುವುದು. ಈ ಹೆಜ್ಜೆ ಬಿಟ್ಟವರ ದತ್ತಾಂಶವನ್ನು ನಾನು ನಂಬುವುದಿಲ್ಲ.

ಎರಡನೆಯದು ಫಾರ್ಮಲಿನ್, ಅಂದರೆ ಗಡ್ಡೆಯ ತುಂಡು ಕೊಳೆಯದಂತೆ ಮುಳುಗಿಸಿಡುವ ದ್ರವ. ಸ್ಲೇಮನ್ ಗುಂಪು 1989ರಲ್ಲಿ ಡಿಎನ್‌ಎ, ಆರ್‌ಎನ್‌ಎ, ಪ್ರೋಟೀನ್ ಮೂರನ್ನೂ ಅಳೆದು, ಒಂದಕ್ಕೊಂದು ತಾಳೆ ಹಾಕಿತು. ಮುಂದೆ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪೆಥಾಲಜಿಸ್ಟ್ ಮೈಕೆಲ್ ಪ್ರೆಸ್ ಜೊತೆ ಸೇರಿ, ಹರ್-2 ಸ್ಥಿತಿ ಮೊದಲೇ ಗೊತ್ತಿದ್ದ ಗಡ್ಡೆಗಳ ಮೇಣದ ಬ್ಲಾಕ್‌ಗಳ ಮೇಲೆ 28 ಆಂಟಿಬಾಡಿಗಳನ್ನು (ಹರ್-2 ಪ್ರೋಟೀನಿಗೆ ಅಂಟಿ ಅದನ್ನು ತೋರಿಸಿಕೊಡುವ ಅಣುಗಳು) ಪರೀಕ್ಷಿಸಿದರು. 1994ರಲ್ಲಿ ಬಂದ ಆ ಲೇಖನದ ಸಾರ ಇಷ್ಟು: ಬ್ಲಾಕ್ ಅದೇ, ಗಡ್ಡೆ ಅದೇ, ಕೆಲವು ಆಂಟಿಬಾಡಿ ಬಹುಪಾಲು ಪಾಸಿಟಿವ್‌ಗಳನ್ನು ಹಿಡಿದವು, ಕೆಲವು ಹೆಚ್ಚುಕಡಿಮೆ ಯಾವುದನ್ನೂ ಹಿಡಿಯಲಿಲ್ಲ. ಫಾರ್ಮಲಿನ್ ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆದುಬಿಡುತ್ತದೆ. ಆಂಟಿಬಾಡಿ ಕೂರಬೇಕಾದ ಜಾಗ ಮುಚ್ಚಿಹೋಗುತ್ತದೆ. ನನ್ನ ಮಟ್ಟಿಗೆ ಸ್ಲೇಮನ್ ಅವರ ವೃತ್ತಿಜೀವನದಲ್ಲಿ ಈ ಲೇಖನಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ.

ಹಾಗಾದರೆ ತುಂಡನ್ನು ಸರಿಯಾಗಿ ಇಡುವುದು ಹೇಗೆ? ಬೇಕಾದದ್ದು ಶೇ. 10ರ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್, ಅಂದರೆ ಹುಳಿಯಾಗದಂತೆ ಲವಣ (ಬಫರ್) ಸೇರಿಸಿದ್ದು. ಒಂದು ಲೀಟರಿಗೆ ಶೇ. 37–40ರ ಫಾರ್ಮಾಲ್ಡಿಹೈಡ್ 100 ಮಿ.ಲೀ., ಡಿಸ್ಟಿಲ್ಡ್ ನೀರು 900 ಮಿ.ಲೀ., ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ 4 ಗ್ರಾಂ, ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಬಫರ್ ಇಲ್ಲದ ಫಾರ್ಮಲಿನ್ ದಿನ ಕಳೆದಂತೆ ಹುಳಿಯಾಗಿ ಡಿಎನ್‌ಎಯನ್ನು ತುಂಡರಿಸುತ್ತದೆ. ದ್ರವ ಅಂಗಾಂಶದ ಹತ್ತು ಪಟ್ಟಾದರೂ ಇರಬೇಕು. ತೆಗೆದ ಒಂದು ಗಂಟೆಯೊಳಗೆ ತುಂಡು ಫಾರ್ಮಲಿನ್‌ಗೆ ಬೀಳಬೇಕು. ಇಡೀ ಸ್ತನವನ್ನು ತೆಗೆದಿದ್ದರೆ ಹಾಗೇ ಮುಳುಗಿಸಿದರೆ ಸಾಲದು. ಫಾರ್ಮಲಿನ್ ಒಳಗಿಳಿಯುವುದು ಗಂಟೆಗೆ ಹೆಚ್ಚೆಂದರೆ ಒಂದು ಮಿ.ಮೀ.; ಕೊಬ್ಬಿನಲ್ಲಿ ಇನ್ನೂ ನಿಧಾನ. ಗಡ್ಡೆಯ ಅಡ್ಡಕ್ಕೆ 5 ಮಿ.ಮೀ. ಅಂತರದಲ್ಲಿ ಸೀಳಿ, ನಡುವೆ ಗಾಜ್ ಬಟ್ಟೆ ಇಟ್ಟು ಮುಳುಗಿಸಬೇಕು. ಹೊರಗೆ ಬಿಗಿಯಾಗಿ, ಒಳಗೆ ಕೊಳೆತ ಗಡ್ಡೆಯಲ್ಲಿ ನಡುಭಾಗ 0, ಅಂಚು 2+ ಅಂತ ಬರುವುದು ಹೀಗೆ ಸೀಳದಿದ್ದಾಗಲೇ. ಒಟ್ಟು ಅವಧಿ ಕನಿಷ್ಠ 6 ಗಂಟೆ, ಗರಿಷ್ಠ 72 ಗಂಟೆ. ಶನಿವಾರ ಸಂಜೆಯ ಸರ್ಜರಿಯ ತುಂಡು ಮಂಗಳವಾರ ರಾತ್ರಿಯವರೆಗೆ ಡಬ್ಬಿಯಲ್ಲೇ ಉಳಿದರೆ ಗಡಿ ದಾಟಿದಂತೆ.

ಇನ್ನು ಓದುವುದು. ಬ್ಲಾಕ್‌ನಿಂದ 4 ಮೈಕ್ರಾನ್ ದಪ್ಪದ ಸೆಕ್ಷನ್, ಅಂದರೆ ತೆಳು ಪದರ, ಕತ್ತರಿಸಿ ಸ್ಲೈಡಿನ ಮೇಲಿಟ್ಟು ಹರ್-2 ಆಂಟಿಬಾಡಿ ಹಾಕಿ ಬಣ್ಣ ಬರಿಸುತ್ತಾರೆ. ಕತ್ತರಿಸಿ ಆರು ವಾರ ದಾಟಿದ ಸೆಕ್ಷನ್ ಬಳಸಬಾರದು. ಶೇ. 10ಕ್ಕಿಂತ ಹೆಚ್ಚು ಕ್ಯಾನ್ಸರ್ ಕೋಶಗಳ ಸುತ್ತ ಪೊರೆ ಪೂರ್ತಿ, ಗಾಢವಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಮಾತ್ರ 3+. ಪೊರೆ ಪೂರ್ತಿ ಸುತ್ತಿದ್ದರೂ ಬಣ್ಣ ಮಂಕಾಗಿದ್ದರೆ 2+, ಅಂದರೆ ತೀರ್ಮಾನವಿಲ್ಲ. ಓದುವ ಮೊದಲು ಅದೇ ಸ್ಲೈಡಿನ ಮಾಮೂಲಿ ಹಾಲುನಾಳಗಳನ್ನು ನೋಡಬೇಕು. ಅವೂ ಗಾಢವಾಗಿ ಬಣ್ಣ ಹಿಡಿದಿದ್ದರೆ ಪರೀಕ್ಷೆಯೇ ಹದ ತಪ್ಪಿದೆ, ಮತ್ತೆ ಮಾಡಬೇಕು. ಸೂಜಿ ಬಯಾಪ್ಸಿಯ ಅಂಚು, ಜಜ್ಜಿಹೋದ ಕೋಶಗಳು ಸುಳ್ಳು ಬಣ್ಣ ಕೊಡುತ್ತವೆ, ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

2+ ಬಂದರೆ ಫಿಶ್ ಪರೀಕ್ಷೆ, ಅಂದರೆ ಜೀನಿನ ಪ್ರತಿಗಳನ್ನು ಹೊಳೆಯುವ ಚುಕ್ಕೆಗಳಾಗಿ ಎಣಿಸುವುದು. ಹರ್-2 ಜೀನಿಗೆ ಕೆಂಪು ಚುಕ್ಕೆ, ಆ ಜೀನ್ ಇರುವ 17ನೇ ಕ್ರೋಮೋಸೋಮ್‌ನ ನಡುಗಂಟಿಗೆ (ಸೆಂಟ್ರೋಮಿಯರ್) ಹಸಿರು ಚುಕ್ಕೆ. ಕನಿಷ್ಠ 20 ಕೋಶ ಎಣಿಸಬೇಕು. 20 ಕೋಶಗಳಲ್ಲಿ ಕೆಂಪು 120, ಹಸಿರು 40 ಇದ್ದರೆ ಅನುಪಾತ 3.0, ಕೋಶಕ್ಕೆ ಸರಾಸರಿ 6 ಪ್ರತಿ: ಪಾಸಿಟಿವ್. ಕೆಂಪು 60, ಹಸಿರು 24 ಇದ್ದರೆ ಅನುಪಾತ 2.5 ಬರುತ್ತದೆ, ಆದರೆ ಕೋಶಕ್ಕೆ 3 ಪ್ರತಿ ಮಾತ್ರ. ಇಲ್ಲಿ ಹೆಚ್ಚಾದದ್ದು ಜೀನ್ ಅಲ್ಲ, ಕಡಿಮೆಯಾದದ್ದು ಹಸಿರು. ಸಾಮಾನ್ಯವಾಗಿ ಅನುಪಾತ 2.0, ಪ್ರತಿ 4.0, ಎರಡೂ ಮುಟ್ಟಿರಬೇಕು ಎನ್ನುವುದು ಇದಕ್ಕೇ. ಚುಕ್ಕೆ ಹಾಕುವ ಮೊದಲು ಪ್ರೋಟೀನು ಕರಗಿಸಲು ಬಳಸುವ ಪೆಪ್ಸಿನ್ ಹೆಚ್ಚಾದರೆ ಕೋಶಕೇಂದ್ರ ಟೊಳ್ಳಾಗುತ್ತದೆ, ಕಡಿಮೆಯಾದರೆ ಚುಕ್ಕೆಗಳೇ ಏಳುವುದಿಲ್ಲ.

ಇನ್ನು ಔಷಧಿ. ಹರ್-2ಗೆ ಅಂಟುವ ಇಲಿಯ 4ಡಿ5 ಆಂಟಿಬಾಡಿಯನ್ನು 1992ರಲ್ಲಿ ಮನುಷ್ಯರಿಗೆ ಹೊಂದುವಂತೆ ಮಾರ್ಪಡಿಸಿದರು, ಅದೇ ಟ್ರಾಸ್ಟುಜುಮಾಬ್. 469 ರೋಗಿಗಳ ಪರೀಕ್ಷೆಯಲ್ಲಿ ಕೀಮೋ ಮಾತ್ರ ಪಡೆದವರ ಮಧ್ಯಮ ಬದುಕುಳಿಕೆ 20.3 ತಿಂಗಳು, ಜೊತೆಗೆ ಇದನ್ನೂ ಪಡೆದವರದು 25.1 ತಿಂಗಳು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 1998ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ಆಂಥ್ರಾಸೈಕ್ಲಿನ್ ಎಂಬ ಬಗೆಯ ಕೀಮೋ ಔಷಧಿಯ ಜೊತೆ ಇದನ್ನು ಕೊಟ್ಟವರಲ್ಲಿ ಶೇ. 27 ಜನರ ಹೃದಯಕ್ಕೆ ತೊಂದರೆಯಾಯಿತು. ಚಿಕಿತ್ಸೆಗೆ ಮೊದಲು, ಆಮೇಲೆ ಮೂರು ಮೂರು ತಿಂಗಳಿಗೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸುವುದನ್ನು ಯಾರೂ ತಪ್ಪಿಸಬಾರದು. ಸ್ಲೇಮನ್ ಅಲ್ಲಿಗೆ ನಿಲ್ಲದೆ, ಆಂಥ್ರಾಸೈಕ್ಲಿನ್ ಇಲ್ಲದೆಯೇ ಇದನ್ನು ಕೊಡುವ ಕ್ರಮವನ್ನು ದೊಡ್ಡ ಪರೀಕ್ಷೆಗೆ ಒಡ್ಡಿ 2011ರಲ್ಲಿ ಪ್ರಕಟಿಸಿದರು. ನಮ್ಮ ಕಡೆ ಬೆಂಗಳೂರಿನ ಬಯೋಕಾನ್ ತನ್ನ ಟ್ರಾಸ್ಟುಜುಮಾಬ್ ಬಯೋಸಿಮಿಲರ್ (ಮೂಲ ಔಷಧಿಯನ್ನೇ ಹೋಲುವ ರೂಪ) ಅನ್ನು 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. ಮೈಲಾನ್ ಕಂಪನಿಯ ಜೊತೆ ಅಭಿವೃದ್ಧಿಪಡಿಸಿದ ಅದಕ್ಕೆ 2017ರ ಡಿಸೆಂಬರ್‌ನಲ್ಲಿ ಎಫ್‌ಡಿಎ ಒಪ್ಪಿಗೆಯೂ ಸಿಕ್ಕಿತು.

2022ರಿಂದ ಲೆಕ್ಕ ಮತ್ತೆ ಬದಲಾಗಿದೆ. ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್ ಎಂಬ ಔಷಧಿ, ಬೇರೆ ಕಡೆಗೆ ಹರಡಿದ ಕ್ಯಾನ್ಸರ್‌ನಲ್ಲಿ, 1+ ಇದ್ದವರಿಗೂ, 2+ ಬಂದು ಫಿಶ್ ನೆಗೆಟಿವ್ ಆದವರಿಗೂ ಕೆಲಸ ಮಾಡುತ್ತದೆ. ಮೊದಲು 0ಗೂ 1+ಗೂ ವ್ಯತ್ಯಾಸ ಯಾರೂ ಕೇಳುತ್ತಿರಲಿಲ್ಲ. ಈಗ ಅದು 40 ಪಟ್ಟಿನ ಲೆನ್ಸ್ ಹಾಕಿ ಹುಡುಕಬೇಕಾದ ಮಂಕು ಗೆರೆ. ಫಾರ್ಮಲಿನ್‌ನಲ್ಲಿ ಹೆಚ್ಚುಕಡಿಮೆಯಾದರೆ ಮೊದಲು ಅಳಿಸಿಹೋಗುವುದು ಇಂಥ ಮಂಕು ಬಣ್ಣವೇ.

ಆದ್ದರಿಂದ ರೋಗಿಯ ಮನೆಯವರು ವರದಿಯ ಜೊತೆ ಬ್ಲಾಕ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಎರಡನೇ ಅಭಿಪ್ರಾಯಕ್ಕೆ ಸ್ಲೈಡ್ ಸಾಲದು, ಬ್ಲಾಕ್ ಕೇಳಿ ಪಡೆಯಿರಿ. ರೋಗ ಬೇರೆ ಕಡೆ ಹರಡಿದರೆ ಹೊಸ ಜಾಗದ ಬಯಾಪ್ಸಿಯಲ್ಲಿ ಹರ್-2 ಮತ್ತೆ ಮಾಡಿಸಿ, ಅದು ಬದಲಾಗಿರಬಹುದು. ಮೂಳೆಯಿಂದ ತೆಗೆದ ತುಂಡಾದರೆ ಪ್ರಬಲ ಆಸಿಡ್‌ನಲ್ಲಿ ಮೆದುಗೊಳಿಸದೆ ಇಡಿಟಿಎ ಎಂಬ ಸೌಮ್ಯ ರಾಸಾಯನಿಕ ಬಳಸಲು ಲ್ಯಾಬ್‌ಗೆ ಮೊದಲೇ ಹೇಳಬೇಕು. ಆಪರೇಷನ್ ಥಿಯೇಟರ್‌ನಲ್ಲಿ ಕೆಲಸ ಮಾಡುವವರು ಡಬ್ಬಿಯ ಲೇಬಲ್ ಮೇಲೆ ಎರಡು ಸಮಯ ಬರೆಯಿರಿ: ತುಂಡು ಹೊರಬಂದದ್ದು, ಫಾರ್ಮಲಿನ್‌ಗೆ ಬಿದ್ದದ್ದು.