ಕರುಗಳ ಭೇದಿಗೆ ಎಲೆಕ್ಟ್ರೋಲೈಟ್ ಪುಡಿ: ಮೂರನೇ ಮಿಶ್ರಣದವರೆಗಿನ ಟಿಪ್ಪಣಿ

ಕೊಟ್ಟಿಗೆಯಲ್ಲಿ ಒಂದು ಡಬ್ಬಿ ಸದಾ ಸಿದ್ಧವಿರಬೇಕು, ನಡುರಾತ್ರಿ ಕರು ನೀರುನೀರಾಗಿ ಭೇದಿ ಮಾಡಿದರೆ ಹತ್ತು ನಿಮಿಷದಲ್ಲಿ ಸರಿಯಾದ ದ್ರಾವಣ ಬಾಟಲಿಗೆ ಬಂದಿರಬೇಕು. ಈ ಕೆಲಸದ ಗುರಿ ಇಷ್ಟೇ. ಭೇದಿಗೆ ಕಾರಣ ಮೊದಲ ನಾಲ್ಕೈದು ದಿನಗಳಲ್ಲಿ ಹೆಚ್ಚಾಗಿ ಇ.ಕೋಲೈ ಬ್ಯಾಕ್ಟೀರಿಯಾ, ಆಮೇಲೆ ರೋಟಾ ಮತ್ತು ಕೊರೋನಾ ವೈರಸ್, ಕ್ರಿಪ್ಟೋಸ್ಪೊರಿಡಿಯಂ ಎಂಬ ಪರೋಪಜೀವಿ. ಕಾರಣ ಯಾವುದೇ ಇರಲಿ, ಬಹುಪಾಲು ಕರುಗಳು ಸಾಯುವುದು ಮೈಯ ನೀರು, ಸೋಡಿಯಂ, ಬೈಕಾರ್ಬೊನೇಟ್ ಸೋರಿ ರಕ್ತ ಆಮ್ಲವಾಗುವುದರಿಂದ. ಸೋರಿದ್ದನ್ನು ಅಳತೆಯಲ್ಲಿ ಹಿಂತಿರುಗಿಸುವುದೇ ಈ ಎಲೆಕ್ಟ್ರೋಲೈಟ್ (ಲವಣಗಳ) ಪುಡಿಯ ಕೆಲಸ.

ಕೈಬಿಟ್ಟದ್ದು: ಉಪ್ಪು-ಬೆಲ್ಲದ ನೀರು, ಗಂಜಿ ತಿಳಿ

ಮೊದಲು ಅಳಿಸಿದ್ದು ಇವೆರಡನ್ನು. ಮನುಷ್ಯರಿಗೆ ಇವು ಸರಿ, ಹಾಲು ಕುಡಿಯುವ ಕರುವಿಗೆ ಅಲ್ಲ. ಸಕ್ಕರೆ, ಬೆಲ್ಲ ಎರಡೂ ಮುಖ್ಯವಾಗಿ ಸುಕ್ರೋಸ್. ಅದನ್ನು ಒಡೆಯುವ ಸುಕ್ರೇಸ್ ಕರುವಿನ ಕರುಳಿನಲ್ಲಿ ಇಲ್ಲ. ಒಡೆಯದ ಸಕ್ಕರೆ ಕರುಳಿನಲ್ಲೇ ಉಳಿದು ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಭೇದಿ ಜೋರಾಗುತ್ತದೆ. ಗಂಜಿಯ ಪಿಷ್ಟವೂ ಹಾಗೆಯೇ, ಮೊದಲ ಮೂರ್ನಾಲ್ಕು ವಾರ ಅದನ್ನು ಜೀರ್ಣಿಸುವ ಶಕ್ತಿ ತೀರಾ ಕಡಿಮೆ. ಬೇಕಿರುವುದು ಗ್ಲೂಕೋಸ್, ಅಂದರೆ ಡೆಕ್ಸ್‌ಟ್ರೋಸ್. ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೋಡಿಯಾಗಿ ಒಳಗೆ ಹೋಗುತ್ತವೆ, ನೀರು ಅವುಗಳ ಹಿಂದೆ ಹೋಗುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸ್ ಕಾಲರಾ ರೋಗಿಗಳನ್ನು ಉಳಿಸಿದ್ದು ಇದೇ ತತ್ತ್ವದಿಂದ.

ಎಳನೀರು ಕೊಡಬಹುದೇ ಎಂಬ ಪ್ರಶ್ನೆ ಮಂಡ್ಯ, ತುಮಕೂರಿನ ಕಡೆ ತಪ್ಪದೆ ಬರುತ್ತದೆ. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಬಲು ಕಡಿಮೆ. ಸೋರಿಹೋಗಿರುವುದು ಮುಖ್ಯವಾಗಿ ಸೋಡಿಯಂ, ಹಾಗಾಗಿ ಇದು ಬದಲಿಯಾಗಲಾರದು.

ಮಿಶ್ರಣ 1: ಮೆಡಿಕಲ್ ಶಾಪಿನ ಓಆರ್‌ಎಸ್

ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ 20.5 ಗ್ರಾಂ ಪೊಟ್ಟಣವನ್ನು 1 ಲೀಟರ್ ನೀರಿಗೆ ಹಾಕಿದರೆ ಸೋಡಿಯಂ 75, ಪೊಟ್ಯಾಸಿಯಂ 20, ಕ್ಲೋರೈಡ್ 65, ಗ್ಲೂಕೋಸ್ 75 ಮಿಲಿಮೋಲ್ (ಕಣಗಳ ಎಣಿಕೆಯ ಅಳತೆ, ಮುಂದಿನ ಅಂಕಿಗಳೂ ಇದರಲ್ಲೇ) ಸಿಗುತ್ತದೆ. ಆಮ್ಲ ತಗ್ಗಿಸುವ ಬಲವನ್ನು ಅಳೆಯಲು ಸುಲಭ ಲೆಕ್ಕವಿದೆ: ಸೋಡಿಯಂ ಮತ್ತು ಪೊಟ್ಯಾಸಿಯಂ ಕೂಡಿಸಿ ಕ್ಲೋರೈಡ್ ಕಳೆಯಿರಿ. ಇಲ್ಲಿ ಬರುವುದು 30. ಕರುವಿಗೆ ಬೇಕಾದದ್ದು 60ರ ಆಸುಪಾಸು. ಆದ್ದರಿಂದ ಈ ಪೊಟ್ಟಣ ಒಂದೇ ಸಾಲದು. ಇದರಿಂದ ನೀರು ತುಂಬುತ್ತದೆ, ಆಮ್ಲ ಉಳಿಯುತ್ತದೆ. ಒಳಸರಿದ ಕಣ್ಣು ಸರಿಹೋದ ಕರು ಆಮೇಲೂ ಮಂಕಾಗಿ ಮಲಗಿರಲು ಇದು ಒಂದು ಕಾರಣ.

ಮಿಶ್ರಣ 2: ತುರ್ತಿಗೆ

ಅದೇ ಒಂದು ಲೀಟರಿಗೆ 2.5 ಗ್ರಾಂ ಅಡುಗೆ ಸೋಡಾ (ಸೋಡಿಯಂ ಬೈಕಾರ್ಬೊನೇಟ್) ಮತ್ತು 10 ಗ್ರಾಂ ಡೆಕ್ಸ್‌ಟ್ರೋಸ್ ಸೇರಿಸಿದಾಗ ಸೋಡಿಯಂ 105ಕ್ಕೆ, ಆಮ್ಲ ತಗ್ಗಿಸುವ ಲೆಕ್ಕ 60ಕ್ಕೆ, ಗ್ಲೂಕೋಸ್ 125ಕ್ಕೆ ಏರುತ್ತದೆ. ಪೇಟೆಯಲ್ಲಿ ಬೇರೇನೂ ಸಿಗದ ರಾತ್ರಿಗೆ ಇದು ಒಳ್ಳೆಯ ದಾರಿ. ಟೆಟ್ರಾ ಪ್ಯಾಕ್‌ನ ಹಣ್ಣಿನ ರುಚಿಯ ಪಾನೀಯ ಬೇಡ, ಪೊಟ್ಟಣದ ಮೇಲೆ ಸೂತ್ರ ಓದಿ ಪುಡಿಯನ್ನೇ ಕೊಳ್ಳಿ. ಬೇಕಿಂಗ್ ಪೌಡರ್ ಬೇರೆ, ಅಡುಗೆ ಸೋಡಾ ಬೇರೆ. ಅಂಗಡಿಯಲ್ಲಿ ಇವೆರಡು ಅದಲುಬದಲಾಗುವುದು ಮಾಮೂಲು.

ಮಿಶ್ರಣ 3: ಈಗ ಡಬ್ಬಿಯಲ್ಲಿರುವುದು

2 ಲೀಟರಿಗೆ ಒಂದು ಜೋಡಿ ಪೊಟ್ಟಣ:
ಪೊಟ್ಟಣ ಅ: ಅಡುಗೆ ಉಪ್ಪು 6 ಗ್ರಾಂ, ಅಡುಗೆ ಸೋಡಾ 10 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 3 ಗ್ರಾಂ.
ಪೊಟ್ಟಣ ಆ: ಡೆಕ್ಸ್‌ಟ್ರೋಸ್ 50 ಗ್ರಾಂ.

ಲೀಟರಿಗೆ ಸೋಡಿಯಂ ಸುಮಾರು 110, ಪೊಟ್ಯಾಸಿಯಂ 20, ಗ್ಲೂಕೋಸ್ 125, ಆಮ್ಲ ತಗ್ಗಿಸುವ ಲೆಕ್ಕ 60 ಬರುತ್ತದೆ. ಪೊಟ್ಯಾಸಿಯಂ ಕ್ಲೋರೈಡ್ ಔಷಧ ಅಥವಾ ಆಹಾರ ದರ್ಜೆಯದೇ ಆಗಬೇಕು, ಗೊಬ್ಬರದ ಪೊಟ್ಯಾಷ್ ಚೀಲದಿಂದ ಕೈಹಾಕಿ ತೆಗೆಯಬಾರದು. ಅದರ ಪ್ರಮಾಣ ಹೆಚ್ಚಿಸುವ ಆಸೆಯೂ ಬೇಡ. ಆಮ್ಲ ಏರಿದ ಕರುವಿನ ರಕ್ತದಲ್ಲಿ ಪೊಟ್ಯಾಸಿಯಂ ಆಗಲೇ ಹೆಚ್ಚಿರಬಹುದು, ಅದರ ಪೆಟ್ಟು ಬೀಳುವುದು ಹೃದಯಕ್ಕೆ.

ಎಲ್ಲ ಒಂದೇ ಪೊಟ್ಟಣದಲ್ಲಿದ್ದಾಗ ಪುಡಿ ತೇವ ಹೀರಿ ಗಟ್ಟಿಯಾಯಿತು, ಕಂದು ಬಣ್ಣಕ್ಕೂ ತಿರುಗಿತು. ಸೋಡಾ ಮತ್ತು ಗ್ಲೂಕೋಸ್ ಸೆಖೆ, ತೇವದಲ್ಲಿ ಒಟ್ಟಿಗಿದ್ದರೆ ಆಗುವುದೇ ಹೀಗೆ. ಮನುಷ್ಯರ ಓಆರ್‌ಎಸ್‌ನಲ್ಲಿ 1984ರಿಂದ ಬೈಕಾರ್ಬೊನೇಟ್ ಬದಲು ಸಿಟ್ರೇಟ್ ಬಂದದ್ದಕ್ಕೂ ಪುಡಿ ಬಾಳಿಕೆ ಬರಲೆಂಬುದೇ ಮುಖ್ಯ ಕಾರಣ. ಅದಕ್ಕೇ ಎರಡು ಪೊಟ್ಟಣ. ಜಿಪ್ ಕವರಿನಲ್ಲಿ ಹಾಕಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಏಪ್ರಿಲ್‌ನಲ್ಲಿ ಕಾಯುವ ಶೀಟಿನ ಮಾಡಿನ ಕೆಳಗೆ ಇಡಬೇಡಿ.

ತೂಕಕ್ಕೆ 0.1 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಬೇಕೇ ಬೇಕು. ಉಪ್ಪಿನ ಸಮತಟ್ಟು ಚಮಚ 5-6 ಗ್ರಾಂ ತೂಗಿದರೆ, ಗೋಪುರ ಮಾಡಿದ ಅದೇ ಚಮಚ 8-9 ಗ್ರಾಂ ದಾಟುತ್ತದೆ. 2 ಲೀಟರಿನ ಪೊಟ್ಟಣವನ್ನು 1 ಲೀಟರಿಗೆ ಕಲಸುವುದು ಎಲ್ಲಕ್ಕಿಂತ ಅಪಾಯದ ತಪ್ಪು. ಸೋಡಿಯಂ 220ಕ್ಕೆ ಏರುತ್ತದೆ, ಪಕ್ಕದಲ್ಲಿ ಕುಡಿಯಲು ಬರಿ ನೀರಿಲ್ಲದಿದ್ದರೆ ಕರುವಿನ ಮಿದುಳಿಗೇ ಹಾನಿ. ಅದಕ್ಕೆ ಪ್ರತಿ ಕವರಿನ ಮೇಲೆ ಮಾರ್ಕರ್‌ನಿಂದ ದಪ್ಪಗೆ "2 ಲೀಟರ್" ಎಂದು ಬರೆಯುವುದು ರೂಢಿಯಾಗಿದೆ.

ನೀರನ್ನು ಕುದಿಸಿ, 40 ಡಿಗ್ರಿ ಸೆಲ್ಸಿಯಸ್‌ಗೆ ಆರಿಸಿ, ಆಮೇಲೆ ಪುಡಿ. ಕುದಿಯುವ ನೀರಿಗೆ ಸೋಡಾ ಹಾಕಿದರೆ ಇಂಗಾಲದ ಡೈಆಕ್ಸೈಡ್ ಹೊರಬಿದ್ದು ಅದು ತೊಳೆಯುವ ಸೋಡಾದ ಕಡೆಗೆ ತಿರುಗುತ್ತದೆ. ಗಡಸು ನೀರಾದರೆ ಬಿಳಿ ಮಡ್ಡಿಯೂ ಕೂರುತ್ತದೆ. ಉಪ್ಪು ಬೋರ್‌ವೆಲ್ಲಿನ ನೀರು ಲೆಕ್ಕವಿಲ್ಲದ ಸೋಡಿಯಂ ಸೇರಿಸುತ್ತದೆ, ಊರಿನ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತಂದಿಡುವುದು ಒಳ್ಳೆಯದು. ಕಲಸಿದ್ದು ಉಳಿದರೆ ಮರುದಿನಕ್ಕೆ ಇಡದೆ ಚೆಲ್ಲಿ.

ಎಷ್ಟು, ಯಾವಾಗ

30 ಕೆಜಿ ತೂಕದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಕರುವಿನ ಲೆಕ್ಕ ನೋಡೋಣ. ಕುತ್ತಿಗೆಯ ಚರ್ಮ ಚಿವುಟಿ ಬಿಟ್ಟಾಗ ಕೂಡಲೇ ಮರಳದೆ ಮೂರು-ನಾಲ್ಕು ಸೆಕೆಂಡ್ ನಿಂತು, ಕಣ್ಣುಗುಡ್ಡೆ ಸ್ವಲ್ಪ ಒಳಸರಿದಿದ್ದರೆ ಮೈತೂಕದ 8% ನೀರು ಹೋಗಿದೆ ಎಂದುಕೊಳ್ಳಿ: 2.4 ಲೀಟರ್. ಆ ದಿನವಿಡೀ ಇನ್ನೂ ಸೋರುವುದು ಸುಮಾರು 2 ಲೀಟರ್. ಎರಡೂ ಸೇರಿ 4.5 ಲೀಟರ್ ಎಲೆಕ್ಟ್ರೋಲೈಟ್. ಇದು ಹಾಲಿನ ಬದಲಿಗಲ್ಲ, ಹಾಲಿನ ಜೊತೆಗೆ. ಬೆಳಿಗ್ಗೆ 6 ಮತ್ತು ಸಂಜೆ 6ಕ್ಕೆ ತಲಾ 1.5 ಲೀಟರ್ ಹಾಲು. 10 ಗಂಟೆಗೆ, ಮಧ್ಯಾಹ್ನ 2ಕ್ಕೆ, ರಾತ್ರಿ 10ಕ್ಕೆ ತಲಾ 1.5 ಲೀಟರ್ ದ್ರಾವಣ.

"ಭೇದಿ ನಿಲ್ಲುವವರೆಗೆ ಹಾಲು ಬಿಡಿಸಿ" ಎಂಬ ಹಳೆಯ ಮಾತನ್ನು ದಯವಿಟ್ಟು ಕೈಬಿಡಿ. ಒಂದು ಲೀಟರ್ ದ್ರಾವಣದಲ್ಲಿರುವುದು ಸುಮಾರು 100 ಕಿಲೋಕ್ಯಾಲರಿ, ಒಂದು ಲೀಟರ್ ಹಾಲಿನಲ್ಲಿ 600ಕ್ಕೂ ಹೆಚ್ಚು. ಎರಡು ದಿನ ಬರಿ ದ್ರಾವಣ ಕುಡಿದ ಕರು ಭೇದಿ ನಿಂತರೂ ಹಸಿವಿನಿಂದ ಬಸವಳಿಯುತ್ತದೆ. ಆದರೆ ಹಾಲಿಗೂ ದ್ರಾವಣಕ್ಕೂ ನಡುವೆ ಎರಡು-ಮೂರು ಗಂಟೆ ಅಂತರವಿರಲಿ, ಸೋಡಾ ಹೊಟ್ಟೆಯ ಆಮ್ಲ ತಗ್ಗಿಸಿ ಹಾಲು ಹೆಪ್ಪುಗಟ್ಟುವುದಕ್ಕೆ ಅಡ್ಡಬರುತ್ತದೆ. ಪುಡಿಯನ್ನು ಹಾಲಿಗೇ ಬೆರೆಸುವುದಂತೂ ಬೇಡವೇ ಬೇಡ, ಹಾಲು ಅತಿ ಸಾಂದ್ರವಾಗಿ ಹೊಟ್ಟೆ ಉಬ್ಬರಿಸಬಹುದು.

ಕೊಡುವ ಬಗೆ

ನಿಪ್ಪಲ್ ಬಾಟಲಿ ಮಾತ್ರ. ಬಾಟಲಿಯನ್ನು ತಾಯಿಯ ಕೆಚ್ಚಲಿನ ಎತ್ತರಕ್ಕೆ ಹಿಡಿಯಿರಿ, ಕರುವಿನ ತಲೆ ಮೇಲೆತ್ತಬೇಡಿ. ಬಿದಿರು ಗೊಟ್ಟದಲ್ಲಿ ಸುರಿಯುವುದು ಬೇಡ: ನಿತ್ರಾಣವಾದ ಕರುವಿನ ಗಂಟಲಿಗೆ ಸುರಿದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ, ಭೇದಿಯಿಂದ ಉಳಿದ ಕರು ನ್ಯುಮೋನಿಯಾಕ್ಕೆ ಬಲಿಯಾಗುತ್ತದೆ.

ಬಾಟಲಿ ಹಿಡಿಯುವ ಮೊದಲು ಬಾಯಿಗೆ ಬೆರಳಿಟ್ಟು ನೋಡಿ. ಚೀಪಿದರೆ ಮುಂದುವರಿಯಿರಿ. ಚೀಪದಿದ್ದರೆ, ಬಾಯಿ ತಣ್ಣಗಿದ್ದರೆ, ಜ್ವರದ ಕಡ್ಡಿ 100 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ತೋರಿದರೆ ಬಾಯಿಯ ದ್ರಾವಣದ ಕಾಲ ಮುಗಿದಿದೆ. ಅದಕ್ಕೆ ರಕ್ತನಾಳಕ್ಕೇ ಡ್ರಿಪ್ ಬೇಕು. ಗೋಣಿಚೀಲ ಹೊದಿಸಿ, ಪಶುವೈದ್ಯರಿಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ.

ಇಲ್ಲಿ ಸೇರಿಸಬೇಕಾದ ಎಚ್ಚರಿಕೆ ಒಂದಿದೆ. ಕಣ್ಣುಗುಡ್ಡೆಯನ್ನಷ್ಟೇ ನೋಡಿ ತೀರ್ಮಾನಿಸುವುದು ಒಂದು ವಾರ ದಾಟಿದ ಕರುಗಳಲ್ಲಿ ಮೋಸಮಾಡುತ್ತದೆ. ಕರುಳಿನಲ್ಲಿ ಹುದುಗಿದ ಆಹಾರದಿಂದ ಡಿ-ಲ್ಯಾಕ್ಟಿಕ್ ಆಮ್ಲ ರಕ್ತ ಸೇರುತ್ತದೆ. ಕಣ್ಣು ಒಳಸರಿದಿರುವುದಿಲ್ಲ, ಭೇದಿಯೂ ಅಷ್ಟೇನಿಲ್ಲ, ಆದರೆ ಕರು ಕುಡಿದವರ ಹಾಗೆ ತೂರಾಡುತ್ತದೆ, ಚೀಪುವುದನ್ನು ಮರೆಯುತ್ತದೆ. ಎಂಟು ದಿನ ಮೀರಿದ ಕರುವಿನಲ್ಲಿ ನಿಲುವು ಮತ್ತು ಚೀಪುವ ಬಲವನ್ನೇ ಮೊದಲು ನೋಡಿ.

ಕೈಯಲ್ಲಿರುವ ಕೆಲಸ: ಮಿಶ್ರಣ 4

ಸೋಡಾದ 10 ಗ್ರಾಂ ಬದಲು ಆಹಾರ ದರ್ಜೆಯ ಸೋಡಿಯಂ ಅಸಿಟೇಟ್ ಟ್ರೈಹೈಡ್ರೇಟ್ 16 ಗ್ರಾಂ. ಸೋಡಿಯಂ, ಆಮ್ಲ ತಗ್ಗಿಸುವ ಲೆಕ್ಕ ಎರಡೂ ಹೆಚ್ಚುಕಡಿಮೆ ಹಾಗೇ ಉಳಿಯುತ್ತವೆ. ಅಸಿಟೇಟ್ ಹಾಲು ಹೆಪ್ಪುಗಟ್ಟುವುದಕ್ಕೆ ಅಡ್ಡಿಮಾಡುವುದಿಲ್ಲ, ಹಾಗಾಗಿ ಸಮಯದ ಅಂತರದ ತಲೆನೋವು ತಗ್ಗುತ್ತದೆ. ಮಿಶ್ರಣ 3 ಡಬ್ಬಿಯಿಂದ ಹೊರಹೋಗುವುದಿಲ್ಲ, ಸೋಡಾ ಪ್ರತಿ ಊರಿನ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ, ಅಸಿಟೇಟ್ ಸಿಗುವುದಿಲ್ಲ. ಅಸಿಟೇಟ್ ಪುಡಿ ತೇವಕ್ಕೆ ಬೇಗ ಹಸಿಯಾಗುತ್ತದೆ, ಅದನ್ನು ಮೂರನೆಯ ಪೊಟ್ಟಣದಲ್ಲಿ ಬೇರೆಯಾಗಿ ತುಂಬುವ ಕೆಲಸ ನಡೆದಿದೆ.