ಬೇಡ ಅಂದವರನ್ನೂ ಕರೆದುಕೊಂಡು ಹೋಗಬೇಕು

ಮಂಡ್ಯದಲ್ಲಿ ನಮ್ಮ ಸೋದರಮಾವನದು ಒಂದು ಸಣ್ಣ ಅಂಗಡಿ. ಆಲೆಮನೆಯಿಂದ ನೇರವಾಗಿ ತರಿಸಿದ ಅಚ್ಚುಬೆಲ್ಲ, ರಾಜಮುಡಿ, ರತ್ನಚೂಡಿಯಂಥ ನಾಟಿ ಅಕ್ಕಿ, ಗಾಣದ ಎಣ್ಣೆ. ಮೇಷ್ಟರ ಕೆಲಸದಿಂದ ನಿವೃತ್ತರಾದ ಮೇಲೆ ಶುರು ಮಾಡಿದ್ದು. ವ್ಯಾಪಾರಕ್ಕಿಂತ ಅವರಿಗೆ ಪ್ರೀತಿ ಜಾಸ್ತಿ ಇರುವುದು ತಿಂಗಳಿಗೊಮ್ಮೆ ಕಳಿಸುವ ಇಮೇಲ್ ಪತ್ರದ ಮೇಲೆ. ಬೆಲೆಪಟ್ಟಿ ಕೊನೆಯಲ್ಲಿ ನಾಲ್ಕು ಸಾಲು ಇರುತ್ತದೆ ಅಷ್ಟೆ. ಉಳಿದದ್ದೆಲ್ಲ ನಾಲೆಗೆ ನೀರು ಬಿಟ್ಟರಾ ಇಲ್ಲವಾ, ಕಬ್ಬು ಹೇಗಿದೆ, ಔಷಧಿ ಹಾಕದ ಬೆಲ್ಲ ಯಾಕೆ ಕಪ್ಪಗಿರುತ್ತದೆ ಅನ್ನುವ ಪುರಾಣ. ಊರು ಬಿಟ್ಟು ಹೋದ ಮಂಡ್ಯದವರು ಅದನ್ನು ಕಾದು ಓದುತ್ತಾರೆ.

ಪತ್ರ ಕಳಿಸುತ್ತಿದ್ದ ಕಂಪನಿಯ ಬಿಲ್ಲು ಈ ವರ್ಷ ಏರಿತು. ಬಿಡಿಸಿ ನೋಡಿದರೆ, ಪತ್ರ ಬೇಡ ಅಂತ ಹೊರಗೆ ಹೋದವರ ಹೆಸರಿಗೂ ಅವರು ದುಡ್ಡು ಎಣಿಸುತ್ತಿದ್ದರು. ಮಾವನಿಗೆ ಸಿಟ್ಟು ಬಂತು. "ಬರ್ದೇ ಇರೋ ಗಿರಾಕಿಗೆ ನಾನ್ಯಾಕ್ಲಾ ಬಾಡ್ಗೆ ಕಟ್ಲಿ?" ಅಂತ ಮೈಸೂರಿನಲ್ಲಿದ್ದ ನನಗೆ ಫೋನ್ ಮಾಡಿದರು.

ನಾನು ಲಿಸ್ಟ್‌ಮಾಂಕ್ ಹಾಕಿಕೊಡೋಣ ಅಂದೆ. ಷೇರು ವ್ಯವಹಾರದ ಕಂಪನಿ ಜೆರೋಧಾದ ಕೈಲಾಶ್ ನಾಧ್ ಬರೆದ ತಂತ್ರಾಂಶ ಅದು. ಉಚಿತ, ಮೂಲ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ಆದರೆ ಅದು ಪಟ್ಟಿಯನ್ನು ನೋಡಿಕೊಳ್ಳುತ್ತದೆ, ಪತ್ರ ಸಾಗಿಸುವವರು ಬೇರೆ ಬೇಕು. ಅದಕ್ಕೆ ಅಮೆಜಾನ್‌ನ ಎಸ್‌ಇಎಸ್. ಸಾವಿರ ಮೇಲ್‌ಗೆ ಹತ್ತು ಸೆಂಟ್, ನಮ್ಮ ಲೆಕ್ಕದಲ್ಲಿ ಹತ್ತು ರೂಪಾಯಿಯ ಆಸುಪಾಸು. ಹೊಸ ಖಾತೆಗೆ ಮೊದಲು ದಿನಕ್ಕೆ 200 ಮೇಲ್ ಮಾತ್ರ, ಅದೂ ನಾವೇ ದೃಢಪಡಿಸಿದ ವಿಳಾಸಗಳಿಗೆ. ಅದನ್ನು ದಾಟಲು ಅರ್ಜಿ ಹಾಕಬೇಕು, ವಿಳಾಸಗಳು ಎಲ್ಲಿಂದ ಬಂದವು ಅಂತ ಹೇಳಬೇಕು. ಅದನ್ನೆಲ್ಲ ಮೊದಲೇ ಮುಗಿಸಿಕೊಂಡು, ಒಂದು ಶನಿವಾರ ಬೆಳಗಿನ ರೈಲು ಹತ್ತಿ ಮಂಡ್ಯಕ್ಕೆ ಹೋದೆ.

ಹಳೇ ಕಂಪನಿಯಿಂದ ಪಟ್ಟಿ ಇಳಿಸಿಕೊಂಡರೆ ಒಂದು ಜಿಪ್ ಫೈಲ್ ಬಂತು. ಒಳಗೆ ಮೂರು. ಪತ್ರ ಪಡೆಯುವವರದು ಒಂದು, ಬೇಡ ಅಂದವರದು ಒಂದು, ಮೇಲ್ ತಲುಪದೆ ವಾಪಸ್ ಬಂದ ವಿಳಾಸಗಳದು ಇನ್ನೊಂದು.

ಮಾವ ಕನ್ನಡಕ ಏರಿಸಿಕೊಂಡು ಎರಡನೇ ಫೈಲನ್ನೇ ಓದತೊಡಗಿದರು. ಸ್ವಲ್ಪ ಹೊತ್ತಿಗೆ ಕುರ್ಚಿಯಿಂದ ಎದ್ದೇಬಿಟ್ಟರು. "ಅಲ್ಲ ಕಣ್ಲಾ, ಇವ್ನು ನೆನ್ನೆ ತಾನೆ ಬಂದು ಎರಡು ಕೆಜಿ ಬೆಲ್ಲ ತಕ್ಕೊಂಡೋದ! ಎದ್ರುಗೆ ನಿಂತು ಅರ್ಧ ಗಂಟೆ ಮಾತಾಡ್ದ! ಪತ್ರ ಬ್ಯಾಡ ಅಂದವ್ನಾ?" ಫೋನ್ ಕೈಗೆ ತಗೊಂಡು ಅವರ ನಂಬರ್ ಹುಡುಕಲು ಶುರು ಮಾಡಿದರು. ತಡೆಯುವುದರಲ್ಲಿ ಸಾಕಾಯಿತು.

"ಮಾವ, ಅಂಗಡಿಗೆ ಬರ್ತಾರಲ್ಲ, ಆಮೇಲೆ ಪತ್ರ ಯಾಕೆ ಬೇಕು ಅವರಿಗೆ? ನಿಮ್ಮ ಪುರಾಣ ನೇರವಾಗೇ ಕೇಳ್ತಾರೆ" ಅಂದೆ. ಒಳಗಿನಿಂದ ಅತ್ತೆ ನಕ್ಕದ್ದು ಕೇಳಿಸಿತು.

ಮಾವ ಸುಮ್ಮನಾಗಲಿಲ್ಲ. ಹೊಸ ಜಾಗಕ್ಕೆ ಹೋಗುತ್ತಿದ್ದೇವೆ, ಬಿಟ್ಟು ಹೋದವರಿಗೂ ಒಂದು ಸಲ ಕಳಿಸಿದರೆ ಏನು ಹೋಗುತ್ತದೆ ಅಂತ ವಾದ. ಸಾಕಷ್ಟು ಅಂಗಡಿಗಳು ಇದನ್ನೇ ಮಾಡುತ್ತವೆ. ವರ್ಷಗಳ ಹಿಂದೆ ಬೇಡ ಅಂದ ಕಡೆಯಿಂದ ಇದ್ದಕ್ಕಿದ್ದಂತೆ ಮತ್ತೆ ಮೇಲ್ ಬರುವುದು ಹೀಗೇ ಇರಬೇಕು. ನನಗಂತೂ ಮೈ ಉರಿಯುತ್ತದೆ. ಮಾವನಿಗೆ ಮರ್ಯಾದೆಯ ಮಾತು ಹಿಡಿಸಲಿಲ್ಲ, ನಷ್ಟದ ಮಾತು ಹಿಡಿಸಿತು. ಸಾವಿರ ಮೇಲ್‌ನಲ್ಲಿ ಒಬ್ಬಿಬ್ಬರು ಸ್ಪ್ಯಾಮ್ ಗುಂಡಿ ಒತ್ತಿದರೂ ಎಸ್‌ಇಎಸ್ ನಮ್ಮನ್ನು ಅನುಮಾನದಿಂದ ನೋಡಲು ಶುರು ಮಾಡುತ್ತದೆ. ವಾಪಸ್ ಬರುವ ಮೇಲ್ ನೂರಕ್ಕೆ ಐದು ದಾಟಿದರೂ ಅಷ್ಟೆ. ಜಾಸ್ತಿಯಾದರೆ ಕಳಿಸುವುದನ್ನೇ ನಿಲ್ಲಿಸಿಬಿಡುತ್ತಾರೆ. ಆಗ ಓದುವ ಮಂದಿಗೂ ಪತ್ರ ಇಲ್ಲ.

ಹಾಗಂತ ಎರಡನೇ ಫೈಲನ್ನು ಬಿಟ್ಟು ಬರುವಂತೆಯೂ ಇಲ್ಲ. ಬೇಡ ಅಂದವರೇ ಮುಂದೆ ಯಾವುದೋ ಹಳೇ ಗಿರಾಕಿ ಪಟ್ಟಿಯಲ್ಲಿ ಸೇರಿಕೊಂಡು ಬಂದರೆ ಹೊಸ ತಂತ್ರಾಂಶಕ್ಕೆ ಹೇಗೆ ಗೊತ್ತಾಗಬೇಕು? ಲಿಸ್ಟ್‌ಮಾಂಕ್‌ನಲ್ಲಿ ಪಟ್ಟಿ ಏರಿಸುವಾಗಲೇ 'ಬ್ಲಾಕ್‌ಲಿಸ್ಟ್' ಅಂತ ಒಂದು ಆಯ್ಕೆ ಇದೆ, ಅದರಲ್ಲಿ ಸೇರಿದ ವಿಳಾಸಕ್ಕೆ ಪತ್ರ ಹೋಗುವುದೇ ಇಲ್ಲ. ಆ ಫೈಲನ್ನೂ, ವಾಪಸ್ ಬಂದ ವಿಳಾಸಗಳ ಫೈಲನ್ನೂ ಮೊದಲು ಅಲ್ಲಿಗೆ ಹಾಕಿದೆವು. ಪಡೆಯುವವರ ಸರದಿ ಆಮೇಲೆ. ನೆನ್ನೆ ಬೆಲ್ಲ ಒಯ್ದವರ ಹೆಸರು ಬ್ಲಾಕ್‌ಲಿಸ್ಟಿಗೆ ಬಿದ್ದಾಗ ಮಾವ ಕಿಟಕಿ ಕಡೆ ತಿರುಗಿದ್ದರು.

ಹೆಸರುಗಳದು ಇನ್ನೊಂದು ರಗಳೆ. ಒಂದಷ್ಟು ಜನ ಮೇಳಗಳಲ್ಲಿ ನೋಟ್‌ಬುಕ್ಕಿನಲ್ಲಿ ತಾವೇ ವಿಳಾಸ ಬರೆದುಕೊಟ್ಟಿದ್ದರು. ಅದನ್ನು ಟೈಪ್ ಮಾಡಿಕೊಟ್ಟದ್ದು ಡಿಟಿಪಿ ಅಂಗಡಿಯ ಹುಡುಗ, ಹಳೇ ನುಡಿ ಫಾಂಟಿನಲ್ಲಿ. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಅದು ಕನ್ನಡ, ಬೇರೆ ಕಡೆ ತಲೆಗೆ ಟೋಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳ ಸಂತೆ. ಇಷ್ಟು ದಿನ ಪತ್ರ 'ಆತ್ಮೀಯರೇ' ಅಂತ ಶುರುವಾಗುತ್ತಿದ್ದರಿಂದ ಯಾರಿಗೂ ತಿಳಿದಿರಲಿಲ್ಲ. ಈ ಸಲ ಎಲ್ಲರನ್ನೂ ಹೆಸರು ಹಿಡಿದು ಕರೆಯಬೇಕು ಅಂತ ಮಾವನ ಆಸೆ. ಆ ಸಾಲುಗಳನ್ನು ಬೇರೆ ಮಾಡಿ, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಕೊಟ್ಟೆವು. ಒತ್ತಕ್ಷರಗಳು ಅಲ್ಲಲ್ಲಿ ಕೆಟ್ಟವು. ಮಾವ ನೋಟ್‌ಬುಕ್ ಹಿಡಿದು ಒಂದೊಂದೇ ತಿದ್ದಿದರು. ಮೇಷ್ಟರಲ್ವಾ, ಕೆಂಪು ಪೆನ್ನು ಮಾತ್ರ ಇರಲಿಲ್ಲ. ಯೂನಿಕೋಡ್ ಆದ ಮೇಲೂ ಪಟ್ಟಿಯ ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ಸುಮ್ನೆ ಡಬಲ್ ಕ್ಲಿಕ್ ಮಾಡಿ ತೆರೆದರೆ ಕನ್ನಡ ಕಲಸುಮೇಲೋಗರ ಆಗುತ್ತದೆ. ಲಿಬ್ರೆಆಫೀಸ್ ಯಾವ ಎನ್‌ಕೋಡಿಂಗ್ ಅಂತ ಮೊದಲೇ ಕೇಳುತ್ತದೆ, ಯುಟಿಎಫ್-8 ಅಂದರೆ ಮುಗಿಯಿತು.

ಅಂಗಡಿಯ ಡೊಮೈನ್‌ಗೆ ಡಿಕೆಐಎಂ ದಾಖಲೆಗಳನ್ನು, ಅಂದರೆ ಪತ್ರ ನಿಜಕ್ಕೂ ನಮ್ಮದೇ ಅಂತ ತೋರಿಸುವ ಗುರುತನ್ನು, ಸೇರಿಸುವುದು ಐದು ನಿಮಿಷದ ಕೆಲಸ. ಆದರೆ ಡೊಮೈನ್ ಖಾತೆಯ ಓಟಿಪಿ ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಫೋನಿಗೆ ಹೋಗುತ್ತಿತ್ತು. ಅವನು ಯಾವುದೋ ಮದುವೆಯಲ್ಲಿದ್ದ. ಊಟದ ಪಂಕ್ತಿಯಿಂದ ಎದ್ದು ಬಂದು ಅವನು ನಂಬರ್ ಹೇಳುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು.

ಸಂಜೆ ಮೊದಲ ಪತ್ರ ಹೊರಟಿತು. ಎಲ್ಲರಿಗೂ ಒಟ್ಟಿಗೆ ಅಲ್ಲ, ಪತ್ರ ತಪ್ಪದೆ ತೆರೆಯುವವರಿಗೆ ಮೊದಲು. ಯಾರು ತೆರೆದರು ಅನ್ನುವ ಚರಿತ್ರೆ ಹೊಸ ಜಾಗಕ್ಕೆ ಬರುವುದಿಲ್ಲ. ಹಾಗಾಗಿ ಹಳೇ ಖಾತೆಯಲ್ಲೇ ಆ ಹೆಸರುಗಳನ್ನು ಆರಿಸಿ ತಂದಿದ್ದೆವು.

ಹಳೇ ಖಾತೆ ಮುಚ್ಚೋಣ ಅಂತ ಕೂತಾಗ ಅತ್ತೆ ಬೆಲ್ಲದ ಡಬ್ಬ ತಂದು ಮುಂದಿಟ್ಟರು. "ಇದ್ರ ಮೇಲಿರೋ ಚೌಕ ಎಲ್ಲಿಗೆ ಹೋಯ್ತದೆ?" ಸ್ಟಿಕರಿನ ಕ್ಯೂಆರ್ ಕೋಡ್! ಅದು ಸೀದಾ ಹಳೇ ಕಂಪನಿಯಲ್ಲಿದ್ದ, ಪತ್ರಕ್ಕೆ ಹೆಸರು ಕೊಡುವ ಫಾರಂಗೆ ಹೋಗುತ್ತಿತ್ತು. ಮಾರಿಹೋದ ಡಬ್ಬಗಳು ಎಷ್ಟು ಅಡುಗೆಮನೆಗಳಲ್ಲಿವೆಯೋ. ಹೊಸ ಕೋಡನ್ನು ನಮ್ಮದೇ ಡೊಮೈನಿನ ಒಂದು ಪುಟಕ್ಕೆ ಮಾಡಿಸಿದೆವು. ಮುಂದೆ ಯಾವ ಕಂಪನಿಗೆ ಹೋದರೂ ಆ ಪುಟ ಬದಲಿಸಿದರೆ ಸಾಕು. ಹಳೇ ಖಾತೆ ಸದ್ಯಕ್ಕೆ ಇರಲಿ ಅಂತ ತೀರ್ಮಾನವಾಯಿತು. ಹಳೇ ಪತ್ರ ತೆರೆದು ಈಗಲೂ 'ಬೇಡ' ಒತ್ತುವವರು ಇರುತ್ತಾರೆ, ಅವರ ಉತ್ತರ ಹೋಗಿ ಬೀಳುವುದು ಅಲ್ಲಿಗೇ. ವಾರಕ್ಕೊಮ್ಮೆ ಆ ಫೈಲ್ ಇಳಿಸಿ ಬ್ಲಾಕ್‌ಲಿಸ್ಟಿಗೆ ಸೇರಿಸುವ ಕೆಲಸ ಮಾವನಿಗೆ ಬಂದಿದೆ. ಹೆಸರುಗಳನ್ನು ಓದಬೇಡಿ ಅಂತ ಹೇಳಿದ್ದೇನೆ. ಓದುತ್ತಾರೆ.