ಕೂಡಿ ಬರೆಯುವುದೂ ಕಲಿಕೆಯೇ

ತುಮಕೂರಿನಲ್ಲಿ ಸ್ನಾತಕೋತ್ತರ ತರಗತಿಗಳಿಗೆ ಪಾಠ ಹೇಳುವ ನನ್ನ ದೃಷ್ಟಿಯಲ್ಲಿ, ಐವರಿಗೆ ಒಂದು ನಿಯೋಜನೆ ಕೊಟ್ಟು ಕೈತೊಳೆದುಕೊಳ್ಳುವುದು ಗುಂಪು ಕಲಿಕೆಯಲ್ಲ. ಆಗ ಒಬ್ಬರು ಬರೆಯುತ್ತಾರೆ, ಉಳಿದವರು ಹೆಸರು ಸೇರಿಸುತ್ತಾರೆ. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಿಗಾಗಿ ಮನೋವಿಜ್ಞಾನಿ ಎಲಿಯಟ್ ಆರನ್‌ಸನ್ ರೂಪಿಸಿದ ‘ಜಿಗ್ಸಾ’ ವಿಧಾನದಲ್ಲಿ ಪಾಠದ ಒಂದೊಂದು ಭಾಗ ಒಬ್ಬೊಬ್ಬರ ಬಳಿ ಮಾತ್ರ ಇರುವುದರಿಂದ, ಪ್ರತಿಯೊಬ್ಬರ ಮಾತನ್ನೂ ಉಳಿದವರು ಕಿವಿಗೊಟ್ಟು ಕೇಳಲೇಬೇಕಾಗುತ್ತದೆ. ವಿಶ್ವವಿದ್ಯಾಲಯದ ಹಂತದಲ್ಲಿ ಇದಕ್ಕೆ ಬರವಣಿಗೆಯೂ ಸೇರಬೇಕು.

ನಮ್ಮ ತರಗತಿಯಲ್ಲಿ ಕೆರೆಗಳ ಕುರಿತು ಬರೆಯುವಾಗ ಒಬ್ಬರು ಹಳೆಯ ದಾಖಲೆಗಳನ್ನು, ಒಬ್ಬರು ನಕ್ಷೆಯನ್ನು, ಇನ್ನೊಬ್ಬರು ಹಿರಿಯರ ನೆನಪುಗಳನ್ನು ವಹಿಸಿಕೊಂಡರು. ಪಾವಗಡದ ಕಡೆಯ ವಿದ್ಯಾರ್ಥಿನಿಯೊಬ್ಬಳು ತನ್ನೂರಿನ ಕೆರೆಯ ತೂಬಿನ ಬಗ್ಗೆ ಎರಡು ಸಾಲು ಬರೆದಿದ್ದಳು. ಅದರ ಪಕ್ಕದಲ್ಲಿ ನಗರದಲ್ಲೇ ಬೆಳೆದ ಸಹಪಾಠಿ, ‘ತೂಬನ್ನು ಯಾವಾಗ ತೆರೆಯಬೇಕೆಂದು ತೀರ್ಮಾನಿಸುತ್ತಿದ್ದವರು ಯಾರು?’ ಎಂದು ಕೇಳಿದ. ಅವಳು ಊರಿಗೆ ಹೋಗಿ ಅಜ್ಜನನ್ನು ವಿಚಾರಿಸಿ, ಗದ್ದೆಗಳಿಗೆ ಕೆರೆಯ ನೀರು ಬಿಡುವ ನೀರುಗಂಟಿಯ ಕೆಲಸ, ಸರದಿಯ ಕ್ರಮ, ಕೊನೆಯ ಗದ್ದೆಯವರ ತಕರಾರು ಎಲ್ಲವನ್ನೂ ನಾಲ್ಕು ಪುಟಗಳಲ್ಲಿ ಬರೆದು ತಂದಳು. ನಾನು ಕೇಳಿದ್ದರೆ ಪರೀಕ್ಷೆಗೆ ಬೇಕಾದಷ್ಟನ್ನೇ ಬರೆಯುತ್ತಿದ್ದಳೇನೋ!

ಆದ್ದರಿಂದ ಆಂತರಿಕ ಅಂಕಗಳಲ್ಲಿ ಒಂದು ಪಾಲನ್ನು ಇಂಥ ಪ್ರಶ್ನೆ ಕೇಳಿದವರಿಗೂ ಕೊಡಬೇಕೆಂದು ನಾನು ಒತ್ತಾಯಿಸುತ್ತೇನೆ.